ಮೊದಲ ಮಳೆಗೆ ತೆರೆದ ಹಿತ್ತಲ ಬಾಗಿಲು

ಮರುಭೂಮಿಯ ಕೋಬ್ರೆ ಊರಿನಲ್ಲಿ ಜೂನ್ ತಿಂಗಳ ಸುಡುಬಿಸಿಲು ಬಂತೆಂದರೆ ಅನುಕೂಲಸ್ಥರೆಲ್ಲ ಸಮುದ್ರದ ಕಡೆಗೋ ಬೆಟ್ಟದ ಕಡೆಗೋ ಗಂಟುಮೂಟೆ ಕಟ್ಟುತ್ತಾರೆ. ಅವರ ನಾಯಿ, ಬೆಕ್ಕು, ಗಿಳಿ, ಆಮೆಗಳೆಲ್ಲ ಎರ್ಮೀನಿಯಾ ಬ್ರಾಕಮೋಂಟೆಯ ಪಾಲಿಗೆ. ವರ್ಷವಿಡೀ ಶಾಲೆಯ ಬಸ್ಸು ಓಡಿಸುವ ಹೆಂಗಸು ಅವಳು. ರಜೆಯಲ್ಲಿ ಬಸ್ಸು ನಿಂತರೂ ಅವಳು ನಿಲ್ಲುವುದಿಲ್ಲ. ಅರ್ಧ ಊರಿನ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಅಗಲ ಅಂಚಿನ ಹುಲ್ಲಿನ ಟೋಪಿ ಹಾಕಿಕೊಂಡು ಹೊರಟಳೆಂದರೆ ಮೇಯರೂ ಪಕ್ಕಕ್ಕೆ ಸರಿಯಬೇಕು, ಅಂಥ ನಡಿಗೆ.

ಜಂಬವೇ? ಹೌದು ಸ್ವಾಮಿ, ಜಂಬವೇ. ದುಡಿದು ಗಳಿಸಿದ ಜಂಬ, ನಿಮಗೇನು ಕಷ್ಟ? ಹೊತ್ತು ಹುಟ್ಟುವ ಮೊದಲೇ ಅವಳ ನಾಯಿಗಳ ತಿರುಗಾಟ ಮುಗಿದಿರುತ್ತದೆ. ಬಿಸಿಲೇರಿದ ಮೇಲೆ ಟಾರಿಗೆ ತನ್ನ ಕೈಯ ಹಿಂಬದಿ ಒತ್ತಿ ನೋಡದೆ ಒಂದು ನಾಯಿಯನ್ನೂ ರಸ್ತೆಗೆ ಇಳಿಸುವವಳಲ್ಲ. ಯಾರದೋ ಹೂಕುಂಡದಲ್ಲಿ ಲಾವಕ್ಕಿ ಮೊಟ್ಟೆಯಿಟ್ಟಿದ್ದರೆ ಆ ಕುಂಡಕ್ಕೆ ಅಂಚಿನಲ್ಲಿ ಚೂರು ಚೂರೇ ನೀರು ಬಿಡುತ್ತಾಳೆ. ಕಾಡುಹಂದಿಗಳು ಹಿತ್ತಲಿಗೆ ನುಗ್ಗಿದರೆ ತಪ್ಪಲೆ ಬಡಿದು, ಅವುಗಳ ಅಪ್ಪ ಅಜ್ಜಂದಿರನ್ನೆಲ್ಲ ಬೈದು ಓಡಿಸುತ್ತಾಳೆ. 'ನನ್ನ ಕೈಗೆ ಕೊಟ್ಟ ಒಂದು ಮೀನು ಕೂಡ ಸತ್ತಿಲ್ಲ, ತಿಳ್ಕೊಳ್ಳಿ' ಎಂದು ಚರ್ಚಿನ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದವಳು. ಅದು ನಿಜವೂ ಆಗಿತ್ತು.

ಈ ಬೇಸಿಗೆಯಲ್ಲಿ ಅವಳ ಕೈಗೆ ಬಂದದ್ದು ದೋನ್ ಎಲಿಸಿಯೋ ಅವರ ನಾಯಿ ಚಾತೋ. ಚಪ್ಪಟೆ ಮೂತಿ, ಡೊಂಕು ಕಾಲು, ಯಾರು ಕರೆದರೂ ತಿರುಗಿ ನೋಡದ ಸೋಮಾರಿ. ದೋನ್ ಎಲಿಸಿಯೋ ಹಳೆಯ ತಾಮ್ರದ ಗಣಿಯಲ್ಲಿ ದುಡಿದು ಸವೆದ ಮುದುಕ. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಆ ನಾಯಿ, ಆ ನಾಯಿಗೆ ಅವರು. ಹೃದಯದ ಕವಾಟ ಕೆಟ್ಟಿದೆ, ಕೊಯ್ದು ಸರಿಮಾಡಬೇಕು ಎಂದು ಡಾಕ್ಟರು ಹಿಂದೆಯೇ ಹೇಳಿದ್ದರು. 'ನಾಯಿ ಯಾರು ನೋಡ್ಕೋತಾರೆ?' ಎಂದು ಮುದುಕ ಆಗ ಎದ್ದು ಬಂದಿದ್ದರು. ಈ ಸಲ ಎರ್ಮೀನಿಯಾ ತಾನೇ ಅವರನ್ನು ಕಾರಿಗೆ ಹತ್ತಿಸಿ ಟೂಸಾನ್ ಪಟ್ಟಣದ ಆಸ್ಪತ್ರೆಗೆ ಬಿಟ್ಟುಬಂದಿದ್ದಳು.

"ನನ್ನ ಮೇಲೆ ನಂಬಿಕೆ ಇಲ್ವಾ ದೋನ್ ಎಲಿಸಿಯೋ?" ಎಂದು ಅಲ್ಲಿಂದ ಹೊರಡುವಾಗ ಕೇಳಿದ್ದಳು.

"ಇದೆ ಮಗಳೇ, ಇದೆ," ಎಂದರು ಮುದುಕ. ಕಣ್ಣು ಮಾತ್ರ ಕಿಟಕಿಯ ಕಡೆಗಿತ್ತು.

ದಿನವೂ ಸಂಜೆ ಅವರು ಫೋನು ಮಾಡುತ್ತಿದ್ದರು. ಇವಳು ಫೋನನ್ನು ಚಾತೋನ ಕಿವಿಗೆ ಹಿಡಿಯಬೇಕು, ಆಮೇಲೆ 'ತಿಂದಿದಾನೆ, ಚೆನ್ನಾಗಿದಾನೆ' ಎನ್ನಬೇಕು. ಮುದುಕ ಮಾತ್ರ ಡಾಕ್ಟರಿಗೆ ಒಪ್ಪಿಗೆ ಕೊಡದೆ ದಿನ ತಳ್ಳುತ್ತಲೇ ಇದ್ದರು. ಕೊನೆಗೆ ಡಾಕ್ಟರೇ ಕಡ್ಡಿ ಮುರಿದಂತೆ ಹೇಳಿಬಿಟ್ಟರು: ನಾಳೆ ಬೆಳಿಗ್ಗೆ ಮಾಡಿಸಿಕೊಳ್ಳದಿದ್ದರೆ ಈ ಹೃದಯ ಇನ್ನು ತಡೆಯುವುದಿಲ್ಲ.

ಹಾಗೆ ಹೇಳಿದ ದಿನವೇ ಕೋಬ್ರೆಗೆ ಮೊದಲ ಮಳೆ ಬಂತು.

ಮಳೆ ಕರೆತರುವುದೆಂದು ನಂಬುವ ಸಾನ್ ಹುವಾನ್ ಹಬ್ಬ ಕಳೆದು ಎಷ್ಟೋ ದಿನವಾಗಿತ್ತು, ಆಕಾಶ ಒಂದು ಹನಿ ಉದುರಿಸಿರಲಿಲ್ಲ. ಇಳಿಹೊತ್ತಿನಲ್ಲಿ ಧೂಳೆದ್ದು, ಹಿಂದೆಯೇ ದಪ್ಪ ಹನಿಗಳು ಬಿದ್ದವು. ಮೊದಲ ಮಳೆಗೆ ನಮ್ಮೂರಲ್ಲಿ ಯಾರೂ ಒಳಗಿರುವುದಿಲ್ಲ. ಮನೆ ತಣ್ಣಗಾಗಲೆಂದು ಹಿಂದಿನ ಮುಂದಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು ಬೀದಿಗೆ ಬಂದು ನೆನೆಯಬೇಕು, ಅದೇ ಪದ್ಧತಿ. ಎರ್ಮೀನಿಯಾ ಆಗ ದೋನ್ ಎಲಿಸಿಯೋ ಮನೆಯಲ್ಲಿದ್ದಳು. ಚಾತೋ ಗೊರಕೆ ಹೊಡೆಯುತ್ತಿತ್ತು. ಅವಳೂ ಬಾಗಿಲುಗಳನ್ನು ತೆರೆದು ಬೀದಿಗಿಳಿದು, ಟೋಪಿ ಎಸೆದು ಮುಖ ಮೇಲೆತ್ತಿ ಕುಣಿದಳು.

"ಏ ಕೊಮಾದ್ರೆ, ಮದುವೆ ಹುಡುಗಿ ಥರ ಕುಣೀತಿದೀಯಲ್ಲೇ!" ಎಂದು ಎದುರುಮನೆಯ ಓಫೆಲಿಯಾ ಕೂಗಿದಳು. ಇಬ್ಬರೂ ಒಬ್ಬರ ಮಕ್ಕಳಿಗೆ ಇನ್ನೊಬ್ಬರು ಜ್ಞಾನಸ್ನಾನದ ತಾಯಿಯರು, ಅದಕ್ಕೇ ಈ 'ಕೊಮಾದ್ರೆ'.

"ಕುಣೀತೀನಿ! ನಿನ್ನಪ್ಪನ ಗಂಟೇನಾದ್ರೂ ಹೋಯ್ತಾ? ನೀನೂ ಬಾರೇ!"

ಮಳೆ ನಿಂತು, ಮಬ್ಬುಗತ್ತಲಾಗುವ ಹೊತ್ತಿಗೆ ನಗುತ್ತಲೇ ಒಳಗೆ ಬಂದರೆ ಚಾತೋ ಜಾಗದಲ್ಲಿಲ್ಲ. ಹಿತ್ತಲಿಗೆ ಓಡಿದಳು. ಚಾತೋನ ಅನ್ನದ ತಟ್ಟೆಯ ಪಕ್ಕದಲ್ಲಿ ಅಂಗೈಯಗಲದ ಹಸಿರು ಕಪ್ಪೆ ಕೂತಿತ್ತು. ಮೊದಲ ಮಳೆಗೆ ನೆಲದೊಳಗಿಂದ ಏಳುವ ಕಪ್ಪೆ ಅದು, ಮೈತುಂಬ ವಿಷ. ಚಾತೋ ಎರಡು ಮಾರು ದೂರದಲ್ಲಿ ಬಾಯಿ ಕೆರೆದುಕೊಳ್ಳುತ್ತ, ನೊರೆ ಸುರಿಸುತ್ತ ಓಲಾಡುತ್ತಿತ್ತು. ಸಂಜೆಯ ಮೇಲೆ ತಟ್ಟೆ ಹೊರಗಿಟ್ಟರೆ ಕಪ್ಪೆ ಬರುತ್ತದೆ, ನಾಯಿಯಿರುವ ಮನೆಯ ಬಾಗಿಲು ತೆರೆದಿರಬಾರದು, ಇಲ್ಲಿಯ ಮಕ್ಕಳಿಗೂ ಗೊತ್ತು. ಮಳೆಯ ಸಂತೋಷದಲ್ಲಿ ಎರಡನ್ನೂ ಮರೆತಿದ್ದಳು.

"ಓಫೆಲಿಯಾ! ಓಡಿ ಬಾರೇ!"

ಓಫೆಲಿಯಾ ಬಂದವಳೇ ಬಾಯಿ ಬಡಿದುಕೊಂಡಳು. "ಅಯ್ಯೋ ದೇವರೇ! ಕಾರು ತೆಗಿ, ನಾಯಿ ಡಾಕ್ಟರ ಹತ್ರ ಹೋಗೋಣ!"

"ಹ್ಯಾಗೆ ಹೋಗ್ತೀಯಾ? ಹಳ್ಳ ಬಂದಿರುತ್ತೆ, ದಾಟೋಕಾಗಲ್ಲ. ಪೈಪು ಹಿಡಿ. ಗಂಟಲಿಗೆ ಬಿಡಬೇಡ ಕಣೇ, ಪಕ್ಕದಿಂದ ಬಿಡು!"

ಅವಳು ಕೆಸರಲ್ಲೇ ಕೂತು ಚಾತೋನ ತಲೆಯನ್ನು ತೊಡೆಯ ಮೇಲೆ ಕೆಳಮುಖವಾಗಿ ಹಿಡಿದಳು. ನೀರು ಒಂದು ಕೆನ್ನೆಯಿಂದ ಹೊಕ್ಕು ಇನ್ನೊಂದರಿಂದ ಸುರಿಯಿತು. ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ವಸಡು, ನಾಲಿಗೆ ಉಜ್ಜಿದಳು, ಮತ್ತೆ ತೊಳೆದಳು, ಮತ್ತೆ ಉಜ್ಜಿದಳು. ನಾಯಿಯ ಮೈ ಸೆಟೆದು ನಡುಗಿತು. "ಸಾಯಬೇಡ್ವೋ ಮೂಳ," ಎಂದು ಅಳುತ್ತ ಬೈದಳು. "ನೀನು ಸತ್ರೆ ಆ ಮುದುಕನೂ ಸಾಯ್ತಾನೆ."

ಅಷ್ಟರಲ್ಲಿ ಫೋನು ರಿಂಗಾಯಿತು, ದಿನದಂತೆ ದೋನ್ ಎಲಿಸಿಯೋ ಅವರದು.

"ಎತ್ತಬೇಡ," ಎಂದಳು ಓಫೆಲಿಯಾ. "ಎತ್ತಿದ್ರೂ ಮಲಗಿದಾನೆ ಅಂದ್ಬಿಡು. ನಿಜ ಹೇಳಿದ್ರೆ ಈಗಿಂದೀಗ ಆಸ್ಪತ್ರೆ ಬಿಟ್ಟು ಬರ್ತಾರೆ. ಒಂದು ಸುಳ್ಳಿಗೆ ಒಂದು ಜೀವ ಉಳಿಯುತ್ತೆ ಕಣೇ."

ಫೋನು ಸುಮ್ಮನಾಯಿತು. ಮತ್ತೆ ರಿಂಗಾಯಿತು. ನಾಯಿಯ ನಡುಕ ಅಷ್ಟು ಹೊತ್ತಿಗೆ ಇಳಿದಿತ್ತು, ಆದರೆ ಕಣ್ಣು ಬಿಟ್ಟಿರಲಿಲ್ಲ. ಎರ್ಮೀನಿಯಾ ಕೈ ಒರೆಸಿಕೊಂಡಳು. ಸುಳ್ಳು ನಾಲಿಗೆ ತುದಿಗೆ ಬಂದಿತ್ತು, ಒಳ್ಳೆಯ ಸುಳ್ಳೇ. ಅದನ್ನು ನುಂಗಿಕೊಂಡು ಫೋನು ಎತ್ತಿದಳು.

"ದೋನ್ ಎಲಿಸಿಯೋ, ತಪ್ಪಾಯ್ತು. ಮಳೆ ಬಂತು ಅಂತ ಹಿತ್ತಲ ಬಾಗಿಲು ತೆಗೆದಿಟ್ಟಿದ್ದೆ. ಚಾತೋ ಕಪ್ಪೆ ನೆಕ್ಕಿದಾನೆ. ತೊಳ್ದಿದೀನಿ. ಉಸಿರಾಡ್ತಿದಾನೆ. ಉಳೀತಾನೋ ಇಲ್ವೋ ನನಗಿನ್ನೂ ಗೊತ್ತಿಲ್ಲ."

"ಅವನ ಕಿವಿಗೆ ಹಿಡಿ," ಎಂದರು ಮುದುಕ.

ಹಿಡಿದಳು. "ಏ ಕಳ್ಳ," ಎಂದಿತು ಆ ಒಣಗಿದ ಧ್ವನಿ, "ಏ ಚಪ್ಪಟೆ ಮೂಗಿನ ಕಳ್ಳ..." ಕೆಸರಿನಲ್ಲಿ ಬಾಲ ಒಂದು ಸಲ ಬಡಿಯಿತು. ಇನ್ನೊಂದು ಸಲ ಬಡಿಯಿತು. ಚಾತೋ ಕಣ್ಣು ಬಿಟ್ಟು, ತಲೆಯೆತ್ತಿ, ಫೋನನ್ನೇ ನೆಕ್ಕಲು ಹೋಯಿತು. ಓಫೆಲಿಯಾ ಪೈಪು ಬಿಸಾಡಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ಎದ್ದ! ದೋನ್ ಎಲಿಸಿಯೋ, ಎದ್ದ ಅವನು!" ಎರ್ಮೀನಿಯಾ ಬಿಕ್ಕಿ ಬಿಕ್ಕಿ ಅತ್ತಳು. "ನೀವು ಹೊರಟು ಬರಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಬರೋದ್ಯಾಕೆ?" ಎಂದರು ಮುದುಕ. "ಈಗ ನರ್ಸಮ್ಮನ್ನ ಕರೀತೀನಿ, ನಾಳೆ ಕೊಯ್ಯಿ ಅಂತ ಡಾಕ್ಟರಿಗೆ ಹೇಳಿಬಿಡು ಅಂತೀನಿ. ದಿನಾ 'ಚೆನ್ನಾಗಿದಾನೆ, ಚೆನ್ನಾಗಿದಾನೆ' ಅಂತಿದ್ಯಲ್ಲ ಮಗಳೇ, ರೋಗಿಗೆ ಸಮಾಧಾನ ಹೇಳ್ತಿದೀಯ ಅಂತಲೇ ಅಂದ್ಕೊಂಡಿದ್ದೆ. ಕೆಟ್ಟದ್ದಾದ್ರೂ ನೀನು ಹೇಳ್ತೀಯ ಅಂತ ಈಗ ಗೊತ್ತಾಯ್ತು. ಇನ್ನು ನನಗೆ ನಿದ್ದೆ ಬರುತ್ತೆ."

ಎರ್ಮೀನಿಯಾ ಕಣ್ಣೊರೆಸಿಕೊಂಡು ನೆಟ್ಟಗೆ ಕೂತಳು.

"ಓಹೋ! ಅಂದ್ರೆ ಇಷ್ಟು ದಿನ ನನ್ನ ಸುಳ್ಳಿ ಅಂದ್ಕೊಂಡಿದ್ರಾ? ನಾನು, ಎರ್ಮೀನಿಯಾ ಬ್ರಾಕಮೋಂಟೆ, ಸುಳ್ಳಿ? ನಾಳೆ ಕೊಯ್ಯಿಸ್ಕೊಂಡು ನೆಟ್ಟಗೆ ಮನೆಗೆ ಬನ್ನಿ ದೋನ್ ಎಲಿಸಿಯೋ. ಬಂದ ಮೇಲೆ ನಿಮ್ಮನ್ನ ವಿಚಾರಿಸ್ಕೋತೀನಿ!"