ತೊಳೆದ ಸೀಸೆ

ನಾನು ರಾಯಚೂರಿನಲ್ಲಿ ಉರ್ದು ಮಾಧ್ಯಮದ ಹೈಸ್ಕೂಲಿಗೆ ಹೋಗುತ್ತಿದ್ದ ವರ್ಷಗಳವು; ಸರಕಾರಿ ಬರಹವೆಲ್ಲ ಉರ್ದುವಿನಲ್ಲೇ ಇದ್ದ ಕಾಲ. ರಜೆ ಬಂದರೆ ಮಾನ್ವಿಯ ಸೋದರಮಾವನ ಮನೆ. ದಿನಚರಿ ಬರೆಯುವ ಚಟ ಆಗಲೇ ಹತ್ತಿತ್ತು. ಅಜ್ಜಿ ಹೂಬತ್ತಿ ಹೊಸೆದ ದಿನಕ್ಕೆ ಒಂದು ಗೀಟು, ಹೊಸೆಯಲಾಗದ ದಿನಕ್ಕೆ ಒಂದು ಸೊನ್ನೆ ಹಾಕುತ್ತಿದ್ದೆ. ಆ ವರ್ಷದ ಬೇಸಿಗೆ ರಜೆಯಲ್ಲಿ ಸೊನ್ನೆಗಳೇ ಹೆಚ್ಚು. ಕೀಲುವಾತದಿಂದ ಅವಳ ಬೆರಳ ಗಂಟುಗಳು ಊದಿ, ಅರಳೆ ಹಿಡಿಯುವುದೂ ಕಷ್ಟವಾಗಿತ್ತು.

ಅಜ್ಜಿ ದೇವದುರ್ಗದ ಕಡೆಯ ಗಬ್ಬೂರಿನವಳು. ಒಂದಕ್ಷರ ಬಾರದು. ಆದರೆ ಮಠದಲ್ಲಿ ಕೇಳಿದ ಪುರಾಣವನ್ನು ಮನೆಗೆ ಬಂದು ಒಂದು ಮಾತೂ ಬಿಡದೆ ಹೇಳುತ್ತಿದ್ದಳು. ಅವಳು ಕಲಿತದ್ದೆಲ್ಲ ಕಿವಿಯಿಂದ.

ಮಾಮಾ ರಾಯಚೂರಿನ ದವಾಖಾನೆಯಿಂದ ಸೀಸೆ ಔಷಧ ತಂದುಕೊಟ್ಟ ಮೇಲೆ ಗೀಟುಗಳು ಶುರುವಾದವು. "ಬೆರಳು ಬಿಟ್ಟಾವ ನೋಡೋ!" ಎಂದು ಅಜ್ಜಿ ಕೈ ಮಡಚಿ ತೋರಿಸಿದಳು. ನನಗೂ ಖುಷಿಯಾಯಿತು.

ವಾರ ಕಳೆದಿರಲಿಲ್ಲ. ಒಂದು ಮಧ್ಯಾಹ್ನ ಕೇಳಿದಳು: "ದೇವರ ಮನ್ಯಾಗ ಗಂಟಿ ಯಾರು ಬಾರಸ್ಲಿಕ್ಕತ್ಯಾರ?"

ಯಾರೂ ಬಾರಿಸುತ್ತಿರಲಿಲ್ಲ. ಮರುದಿನ ವಾಂತಿ. ಕರೆದರೆ ತಿರುಗಿ ನೋಡುತ್ತಿರಲಿಲ್ಲ. ನಾನು ಸೀಸೆ ಹುಡುಕಿ ತೆಗೆದೆ. ಅಂಥ ಸೀಸೆಗಳ ಮೇಲೆ ಉರ್ದುವಿನಲ್ಲಿ ಬರೆದ ಚೀಟಿ ಇರುತ್ತದೆ. ಪಕ್ಕದಲ್ಲಿ, ಒಂದು ಸಲಕ್ಕೆ ಎಷ್ಟು ಕುಡಿಯಬೇಕೆಂದು ತೋರಿಸಲು ಅಂಚಿಗೆ ಕಚ್ಚು ಹಾಕಿದ ಕಾಗದದ ಪಟ್ಟಿ. ಇದರ ಮೇಲೆ ಎರಡೂ ಇರಲಿಲ್ಲ. ಗಾಜು ಲಕಲಕ ಹೊಳೆಯುತ್ತಿತ್ತು.

"ಚೀಟಿ ಎಲ್ಲಿ ಅಜ್ಜಿ?" ಎಂದು ಕಿವಿಯ ಹತ್ತಿರ ಕೂಗಿದೆ.

"ದವಾಖಾನಿ ಮೈಲಿಗಿ ಮಡಿಯೊಳಗ ಹ್ಯಾಂಗ ಬರ್ತದೋ? ನೀರಾಗ ನೆನಿಹಾಕಿ ತಿಕ್ಕಿ ತೊಳದೀನಿ."

"ಮತ್ತ ಎಷ್ಟು ಕುಡೀತಿ?"

"ನೋವು ಎಷ್ಟದನೋ ಅಷ್ಟು."

ಬೆಳ್ಳಿ ಲೋಟ ಪಕ್ಕದಲ್ಲೇ ಇತ್ತು. ನೋವು ಹೆಚ್ಚಾದ ದಿನ ಅದನ್ನು ತುಂಬಿಸಿಕೊಂಡಿದ್ದಾಳೆ.

ಮಾಮಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. "ಉರ್ದು ಚೀಟಿ. ನನಗ ಬರಂಗಿಲ್ಲ, ಅಕಿಗೂ ಬರಂಗಿಲ್ಲ. ಇದ್ದರೇನು, ಹೋದರೇನು?"

"ನನಗಾದ್ರೂ ತೋರಿಸ್ಬೇಕಿತ್ತಲ್ಲ ಮಾಮಾ."

"ಊರಿಗೆಲ್ಲ ಪಂಚಾಂಗ ಓದಿ ಹೇಳಾಂವ ನಾನು. ಒಂದು ಚೀಟಿ ಓದಿಸ್ಕೊಳ್ಳಿಕ್ಕೆ ನಿನ್ನಂಥ ಹುಡುಗನ ಮುಂದ ನಿಂದರ್ಲೇನೋ?" ಎಂದವನು, ಒಳಗೆ ಬಂದು ತನ್ನ ತಾಯಿಯ ಮುಖ ನೋಡಿದ. ಆಮೇಲೆ ತಾನೇ ಹೇಳಿದ: "ನಾಳೆ ಮುಂಜಾನಿ ಮೋಟಾರಿಗೆ ಹೊರಡೂಣು."

ದವಾಖಾನೆಯಲ್ಲಿ ಡಾಕ್ಟರು ಎಷ್ಟು ಕೇಳಿದರೂ ಅಜ್ಜಿ ಅವರ ತುಟಿ ನೋಡುತ್ತ ಕೂತಳು. ನಾನು ಹೇಳಿದೆ. ಕಿವಿಯಲ್ಲಿ ಗಂಟೆ ಕೇಳುವುದು ಈ ಔಷಧ ಮಿತಿಮೀರಿದ ಗುರುತು ಎಂದರು. ಕೂಡಲೇ ನಿಲ್ಲಿಸಬೇಕು. ಕಿವಿ ತಿರುಗಿ ಬರಬಹುದು, ಆದರೆ ವಯಸ್ಸಾಗಿದೆ, ಖಾತ್ರಿ ಹೇಳಲಾರೆ. ಆಮೇಲೆ ಬೇಕಾದರೆ ಸ್ವಲ್ಪಸ್ವಲ್ಪವೇ ಕೊಡಬಹುದು.

ನಿಲ್ಲಿಸಿದೆವು. ಗಂಟೆ ಸದ್ದು ಕಡಿಮೆಯಾಗುತ್ತ ಬಂತು, ಬೆರಳುಗಳೂ ಬಿಗಿದುಕೊಳ್ಳುತ್ತ ಬಂದವು. ಮತ್ತೆ ಸೊನ್ನೆ, ಸೊನ್ನೆ. ಅಜ್ಜಿ ಅರಳೆಯ ಬುಟ್ಟಿ ಮುಂದಿಟ್ಟುಕೊಂಡು ಸುಮ್ಮನೆ ಕೂಡುತ್ತಿದ್ದಳು. ಕೊನೆಗೆ ಹೊಸ ಸೀಸೆ ಬಂದಾಗ ಮಾಮಾ ಅದನ್ನು ನೇರವಾಗಿ ನನ್ನ ಕೈಗಿಟ್ಟ. "ಓದು" ಎಂದ. ನಾನು ಓದಿ, ಪಟ್ಟಿಯ ಕಚ್ಚು ಇದ್ದಲ್ಲೆಲ್ಲ ಸೀಸೆಯ ಸುತ್ತ ಒಂದೊಂದು ನೂಲೆಳೆ ಬಿಗಿದೆ.

"ಇದು ಮಡಿಗಿ ನಡೀತದೇನು?" ಎಂದು ಕೂಗಿದೆ.

ಎರಡನೆಯ ಸಲಕ್ಕೆ ಅವಳಿಗೆ ಕೇಳಿಸಿತು. "ನೂಲಿಗೇನೋ, ತೊಳದ್ರ ಆತು" ಎಂದು ಎಳೆಗಳನ್ನು ಊದಿದ ಬೆರಳಿನಿಂದ ಒಂದೊಂದಾಗಿ ಮುಟ್ಟಿದಳು.

ಅಷ್ಟರಿಂದ ಔಷಧದ ಲೆಕ್ಕ ಸರಿಹೋಯಿತು. ಬತ್ತಿಯ ಗೀಟುಗಳು ಆಗೊಂದು ಈಗೊಂದು ಬಿದ್ದವು. ಕಿವಿ ಮಾತ್ರ ಮೊದಲಿನಂತೆ ಆಗಲಿಲ್ಲ. ರಜೆ ಮುಗಿಯುವ ಹಿಂದಿನ ದಿನ ಅವಳನ್ನು ಮಠಕ್ಕೆ ಕರೆದುಕೊಂಡು ಹೋಗಿದ್ದೆ. ಪುರಾಣ ಹೇಳುವವರ ತೀರ ಹತ್ತಿರ ಕೂರಿಸಿದೆ. ನಡುವೆ ಅವರೇನೋ ಚೇಷ್ಟೆಯ ಮಾತು ಹೇಳಿದರು, ಜನ ಗೊಳ್ಳೆಂದು ನಕ್ಕರು. ಅಜ್ಜಿ ಸುತ್ತ ಎಲ್ಲರ ಮುಖ ನೋಡಿ, ಆಮೇಲೆ ನಕ್ಕಳು.