ಹೆಗ್ಗನಹಳ್ಳಿ ನೋಡಿಬಂದ ಹಲ್ಲು

ನಿಮ್ಮ ಹಲ್ಲು ಎಂದಾದರೂ ನಿಮಗಿಂತ ಮುಂಚೆ ಹೆಗ್ಗನಹಳ್ಳಿ ನೋಡಿದೆಯೇ? ನನ್ನದು ನೋಡಿತು. ಹಲ್ಲಿನ ಸೆಟ್ ಇಟ್ಟಿದ್ದ ಹಳೇ ಪ್ಲಾಸ್ಟಿಕ್ ಡಬ್ಬಿಯನ್ನು ಸೊಸೆ ಗುಜರಿಗೆ ಹಾಕಿಬಿಟ್ಟಳು. ನಾಳೆ ಮೊಮ್ಮಗಳ ಮದುವೆ. ಚಕ್ಕುಲಿಯನ್ನು ಬರೀ ನೋಡುತ್ತಾ ಕೂರಲೇ? ಗುಜರಿಯವನು ಹೇಳಿದ ಹೆಗ್ಗನಹಳ್ಳಿಯ ಶೆಡ್ಡಿಗೆ ಆಟೋದಲ್ಲಿ ಬಂದೆ.

ಇಲ್ಲಿ ಡಬ್ಬಿಗಳನ್ನು ಪುಡಿ ಮಾಡುತ್ತಾರೆ, ಪಕ್ಕದ ಶೆಡ್ಡಿನವರು ಆ ಪುಡಿಯಿಂದ ಬಿಂದಿಗೆ ಮಾಡುತ್ತಾರೆ. ಒಡೆದ ಬಿಂದಿಗೆ ಮತ್ತೆ ಇಲ್ಲಿಗೇ ಬರುತ್ತದಂತೆ. ಮೆಷಿನ್ನಿನ ಸದ್ದಿನ ನಡುವೆಯೇ ಕೂಗಿ ನನ್ನ ಹಲ್ಲಿನ ಕಥೆ ಹೇಳಿದೆ. ಡಬ್ಬಿ ವಿಂಗಡಿಸುತ್ತಿದ್ದ ಹುಬ್ಬಳ್ಳಿ ಕಡೆಯ ಹೆಂಗಸು ಗೋಡೆ ತೋರಿಸಿದಳು. ಡಬ್ಬಿಗಳಲ್ಲಿ ಸಿಕ್ಕ ಬೀಗದ ಕೈ, ಕಾಲುಂಗುರ, ಜಪಮಾಲೆಗಳನ್ನು, ಕಳಕೊಂಡವರು ಬಂದಾರೆಂದು, ಅಲ್ಲಿ ಮೊಳೆಗೆ ನೇತುಹಾಕುತ್ತಾರೆ. ಅವುಗಳ ನಡುವೆ ಒಂದು ಕವರಿನೊಳಗಿಂದ ನನ್ನ ಹಲ್ಲು ನಗುತ್ತಿತ್ತು!

"ಇನ್ನೊಂಚೂರು ತಡ ಆಗಿದ್ರೆ ಬಿಂದಿಗೆಗೇ ಹಲ್ಲು ಬಂದ್ಬಿಡ್ತಿತ್ತು ಕಣಮ್ಮ," ಎಂದೆ.

ಅವಳು ಕವರು ಕೊಡುತ್ತಾ, "ಹಲ್ಲಿಲ್ದನ ಇಷ್ಟ್ ಮಾತಾಡಾಕತ್ತೀರಿ ಅಜ್ಜಿ. ಹಾಕ್ಕೊಂಡ್ರ ನಮ್ ಮಷಿನ್ ಸಪ್ಪಳಾನೂ ಕೇಳಂಗಿಲ್ಲ ಬಿಡ್ರಿ!" ಎಂದಳು.