ರೋಗನ್ ಬಟ್ಟೆಯ ಬುಟ್ಟಿ

ನನ್ನ ತವರಿನಲ್ಲಿ ಸೋದರತ್ತೆ ಒಲೆ ಮುಟ್ಟುವ ಹಾಗಿರಲಿಲ್ಲ. ಮಡಿಮೈಲಿಗೆಯ ಮಾತಲ್ಲ ಇದು. ಆಕೆ ಜೋಳದ ರೊಟ್ಟಿ ಬಡಿಯಬಹುದು, ಹೆಂಚಿನ ಮೇಲೆ ಹಾಕಲು ಅವ್ವನೇ ಬರಬೇಕು. ಚಳಿಗಾಲದ ಬೆಳಗ್ಗೆ ನಾವೆಲ್ಲ ಬಚ್ಚಲೊಲೆಯ ಮುಂದೆ ಕೈ ಕಾಯಿಸಿಕೊಳ್ಳುವಾಗ ಆಕೆ ಬಾಗಿಲಾಚೆ ಸೆರಗು ಸುತ್ತಿಕೊಂಡು ನಿಂತಿರುತ್ತಿದ್ದಳು. ಗಂಡ ಸತ್ತ ಮೇಲೆ ಅಣ್ಣನ ಮನೆಗೆ ಬಂದವಳು, ಅಣ್ಣನೆಂದರೆ ನನ್ನಪ್ಪ. ಅಪ್ಪ ಹಾಕಿದ ಕಟ್ಟು ಅದು.

ಹಿರಿಯೂರು ಸೀಮೆಯ ನಮ್ಮೂರಿನದು ಎರೆ ಹೊಲ. ಜೋಳದ ಸುತ್ತ ದನ ನುಗ್ಗದಿರಲೆಂದು ಮುಳ್ಳಿನ ಕುಸುಬೆ ಬಿತ್ತುತ್ತಿದ್ದರು. ಆ ಕುಸುಬೆ ಎಣ್ಣೆಯನ್ನು ಮಡಕೆಯಲ್ಲಿ ಹೊಗೆಯಾಡುವ ತನಕ ಕಾಯಿಸಿದರೆ ಜೇನಿನಂತೆ ಮಂದವಾಗುತ್ತದೆ. ಅದೇ ರೋಗನ್. ಎತ್ತುಗಳು ಬಾವಿಯಿಂದ ನೀರೆಳೆಯುವ ಚರ್ಮದ ಬಾನಿಗೆ ಬೇಸಿಗೆಯಲ್ಲಿ ಅದನ್ನು ಬಳಿದು ಒಣಗಿಸಿದರೆ ಬಾನಿ ಸೋರುವುದಿಲ್ಲ. ಆ ಕೆಲಸವನ್ನು ಅಪ್ಪ ಆಳುಗಳಿಗೆ ಬಿಡುತ್ತಿರಲಿಲ್ಲ. ಹಳೆಯ ಧೋತ್ರದ ಚಿಂದಿ ಅದ್ದಿ ತಾನೇ ತಿಕ್ಕುತ್ತಿದ್ದ. ಮತ್ತೊಂದು ಕೈ ಬಳಿಯಲು ಬೇಕಲ್ಲ ಎಂದು ಚಿಂದಿಗಳನ್ನು ಎಸೆಯದೆ ಬುಟ್ಟಿಗೆ ತುರುಕಿ ಜಗಲಿಯ ಮೇಲಿಡುತ್ತಿದ್ದ. ಒಂದು ವರ್ಷ ಬೀಗರು ಬರುವವರಿದ್ದರು, ವಾಸನೆ ಬೇಡವೆಂದು ಬುಟ್ಟಿಯನ್ನು ಕೊಟ್ಟಿಗೆಯಲ್ಲಿ ಬಿಡಿಸಿಟ್ಟ ಹತ್ತಿಯ ಪಕ್ಕ ಇಟ್ಟ.

ಮಾರನೆಯ ದಿನ ಮಧ್ಯಾಹ್ನ ಕೊಟ್ಟಿಗೆ ಹತ್ತಿಕೊಂಡಿತು. ಹತ್ತಿ ಹೋಯಿತು, ಬಾನಿ ಹೋಯಿತು, ಕಟ್ಟಿದ್ದ ಎರಡೆತ್ತಿನಲ್ಲಿ ಒಂದನ್ನು ಬಿಚ್ಚಲಾಗಲಿಲ್ಲ. ಅದರ ಕೂಗು ನನಗೆ ಇನ್ನೂ ಕೇಳುತ್ತದೆ.

ಆಗ ಬೆಂಕಿಕಡ್ಡಿ ಎಲ್ಲರ ಮನೆಯಲ್ಲಿ ಇರುತ್ತಿರಲಿಲ್ಲ. ನಮ್ಮ ಒಲೆಯ ಬೂದಿಯೊಳಗೆ ಕೆಂಡ ಕಾಯ್ದಿಡುವುದು ಅತ್ತೆಯ ಕೆಲಸ. ಕೇಳಿದವರಿಗೆ ಬೆರಣಿಯ ಮೇಲಿಟ್ಟು ಕೊಡುತ್ತಿದ್ದಳು. ಅವತ್ತೂ ಪಕ್ಕದ ಮನೆಗೆ ಕೆಂಡ ಕೊಡಲು ಕೊಟ್ಟಿಗೆಯ ಮುಂದೆಯೇ ಹಾದು ಹೋಗಿದ್ದಳು. ಅಪ್ಪನಿಗೆ ಅಷ್ಟೇ ಸಾಕಾಯಿತು.

“ಕಿಡಿ ಉದುರ್ಸಿದ್ದೀಯ. ಒಪ್ಕಂಬಿಡು.”

“ಇಲ್ಲಣ್ಣ. ಬೆರಣಿ ಮ್ಯಾಲೆ ಬೂದಿ ಮುಚ್ಚಿದ್ದೆ.”

“ಮತ್ತೆ ಬೆಂಕಿಗೇನು ಕಾಲು ಬಂದಿತ್ತಾ? ಗಂಡನ ಮನೆ ಸುಟ್ಟಿದ್ದಾತು, ಈಗ ನನ್ನ ಮನೆಗೆ ಬಂದ್ಯಾ? ನಿನ್ನ ಕೈಗುಣಾನೇ ಅಂಥದ್ದು. ಇನ್ನು ಮ್ಯಾಲೆ ಬೆಂಕಿ ತಂಟೆಗೆ ಹೋಗ್ಬ್ಯಾಡ.”

ಗಂಡನ ಮನೆ ಸುಟ್ಟಿರಲೇ ಇಲ್ಲ, ಗಂಡ ಜ್ವರದಲ್ಲಿ ಸತ್ತಿದ್ದ. ಆದರೂ ಊರಿನವರು ಅದನ್ನೂ ಸೇರಿಸಿಕೊಂಡೇ ಮಾತಾಡಿದರು. ಮದುವೆಯ ಮನೆಗಳಲ್ಲಿ ಆಕೆಯನ್ನು ಒಲೆಯ ಕಡೆಗೆ ಕರೆಯುವುದು ನಿಂತಿತು.

ನನ್ನನ್ನು ದುರ್ಗಕ್ಕೆ ಕೊಟ್ಟರು. ಯಜಮಾನರು ಬೆಂಗಳೂರಿನಲ್ಲಿ ರಸಾಯನಶಾಸ್ತ್ರ ಓದಿ ಬಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. ರಜೆಯಲ್ಲೂ ಅವರಿಗೆ ಪಾಠದ್ದೇ ಧ್ಯಾನ. ಒಂದು ಭಾನುವಾರ ಹಿತ್ತಲ ಕಟ್ಟೆಯ ಮೇಲೆ ಸಣ್ಣ ಸೀಸೆಯಲ್ಲಿ ಕಂದು ಬಣ್ಣದ ಬ್ರೋಮಿನ್ ನೀರು ತಂದಿಟ್ಟು, ಅಡುಗೆ ಮನೆಯಿಂದ ತುಪ್ಪ, ಕುಸುಬೆ ಎಣ್ಣೆ ತಾ ಎಂದರು. ಕುಸುಬೆ ಎಣ್ಣೆ ಹಾಕಿ ಕುಲುಕಿದೊಡನೆ ಕಂದು ಬಣ್ಣ ಹೊರಟುಹೋಯಿತು. ತುಪ್ಪದಲ್ಲಿ ಅಷ್ಟು ಬೇಗ ಹೋಗಲಿಲ್ಲ.

“ಆಲ್ಕೀನ್ ಅಂತ ಒಂದು ವಂಶ ಐತೆ,” ಎಂದರು. “ಅದ್ರಾಗೆ ಇಂಗಾಲದ ಎರಡು ಪರಮಾಣು ಒಂದ್ರದೊಂದು ಎರಡೆರಡು ಕೈ ಹಿಡ್ಕಂಡಿರ್ತವೆ. ಎರಡು ಕೈ ಅಂದ್ರೆ ಎರಡರಷ್ಟು ಗಟ್ಟಿ ಅನ್ಕಬ್ಯಾಡ. ಒಂದು ಕೈ ಸಡಿಲ, ಬೇರೆಯೋರು ಬಂದ್ರೆ ಬಿಟ್ಟು ಅವರನ್ನ ಹಿಡ್ಕಳ್ತದೆ. ಕುಸುಬೆ ಎಣ್ಣೆನಾಗೂ ಅಂಥ ಜೋಡಿಗಳು ಬಾಳ ಅವೆ.”

“ಖಾಲಿ ಕೈ ಕಂಡ್ರೆ ಯಾರಾದ್ರೂ ಕೆಲ್ಸ ಹಚ್ತಾರೆ ಬಿಡ್ರಿ, ನಮ್ಮಂಗೆ,” ಎಂದೆ. ಅವರು ನಕ್ಕರು.

ಆ ವಂಶದಲ್ಲಿ ಎಲ್ಲಕ್ಕಿಂತ ಚಿಕ್ಕದು ಎಥಿಲೀನ್ ಎಂಬ ಗಾಳಿಯಂತೆ. ಸಾರಾಯಿಯ ಸತ್ವವನ್ನು ಗಂಧಕಾಮ್ಲದ ಜೊತೆ ಕಾಯಿಸಿ ಶಾಲೆಯಲ್ಲಿ ಹುಟ್ಟಿಸಿದ್ದರು. ಬಾಳೆಗೊನೆಯನ್ನು ಗುಂಡಿಯಲ್ಲಿಟ್ಟು ಹೊಗೆ ಹಾಕಿದರೆ ಹಣ್ಣಾಗುವುದು ಹೊಗೆಯೊಳಗಿನ ಅದರಿಂದಲೇ ಎಂದು ಆಮೇಲೆ ಎಲ್ಲೋ ಓದಿ ಹೇಳಿದರು. ಸಡಿಲ ಕೈಗೆ ಜಲಜನಕ ಹಿಡಿಸಿದರೆ ಎಣ್ಣೆ ತುಪ್ಪದಂತೆ ಹೆಪ್ಪುಗಟ್ಟುತ್ತದೆ. ಗಾಳಿಯ ಆಮ್ಲಜನಕ ಹಿಡಿದರೆ ಎಣ್ಣೆ ಒಣಗಿ ಪೊರೆಯಾಗುತ್ತದೆ, ರೋಗನ್ನಿನ ಹಾಗೆ.

“ಹಿಡ್ಕಣಾವಾಗ ಶಾಖ ಹುಟ್ತದೆ,” ಎಂದು ಸೀಸೆಗೆ ಬಿರಡೆ ಹಾಕುತ್ತ ಹೇಳಿದರು.

ನಾನು ಕೈಲಿದ್ದ ತುಪ್ಪದ ಬಟ್ಟಲನ್ನು ಕೆಳಗಿಟ್ಟೆ. “ರೋಗನ್ ಬಟ್ಟೆ ಬುಟ್ಟಿಗೆ ತುರುಕಿಟ್ರೆ?”

“ಬಟ್ಟೆ ಸಂದಿನಾಗೆ ಗಾಳಿ ಹೋಗ್ತದೆ, ಶಾಖ ಹೊರಗೆ ಬರಾಕೆ ದಾರಿ ಇಲ್ಲ. ತಾನೇ ಹತ್ಕಳ್ತದೆ.” ಆಮೇಲೆ ನನ್ನ ಮುಖ ನೋಡಿ, “ಯಾಕೆ?” ಎಂದರು.

ಮುಂದಿನ ರಜೆಗೆ ಇಬ್ಬರೂ ಗಾಡಿ ಕಟ್ಟಿಸಿಕೊಂಡು ತವರಿಗೆ ಹೋದೆವು. ದಾರಿಯುದ್ದಕ್ಕೂ ನನಗೆ ಒಂದೇ ಆಸೆ, ಅತ್ತೆ ಮತ್ತೆ ಒಲೆಯ ಮುಂದೆ ಕೂರುವುದನ್ನು ನೋಡಬೇಕು.

ಯಜಮಾನರು ಮಾತಿನಲ್ಲಿ ಹೇಳಲು ಹೋಗಲಿಲ್ಲ. ರೋಗನ್ನಿನಲ್ಲಿ ಅದ್ದಿದ ಚಿಂದಿಗಳನ್ನು ಬುಟ್ಟಿಗೆ ತುರುಕಿ, ಮೇಲೆ ಹತ್ತಿ ಮುಚ್ಚಿ ಅಂಗಳದ ಬಿಸಿಲಿಗಿಟ್ಟರು. “ಅಳಿಯಂದ್ರು ಬುಟ್ಟಿಗೆ ಕಾವು ಕೊಡ್ತಾ ಅವ್ರೆ, ಮರಿ ಯಾವಾಗ್ರೀ?” ಎಂದು ಅಪ್ಪ ತಮಾಷೆ ಮಾಡಿದ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಸುಟ್ಟೆಣ್ಣೆಯ ಕಮಟು ಬಂತು. ಬುಟ್ಟಿಯ ನಡುವಿನಿಂದ ಹೊಗೆ ಎದ್ದಿತು, ಹತ್ತಿ ಕಂದಿತು, ಒಳಗೆ ಕೆಂಪಗೆ ಕಂಡಿತು. ಯಾರೂ ಹತ್ತಿರ ಹೋಗಿರಲಿಲ್ಲ.

ಅತ್ತೆ ಒಳಗಿಂದ ಕೊಡ ತಂದು ನೀರು ಸುರಿದಳು.

ಅಪ್ಪನ ಮುಖ ಗಂಟಾಯಿತು. “ಅಂದ್ರೆ, ಬುಟ್ಟಿ ಅಲ್ಲಿಟ್ಟೋನು ನಾನು. ನಂದೇ ತಪ್ಪು ಅಂತೀರೇನು?”

ನನ್ನ ಯಜಮಾನರು ಒಳ್ಳೆಯವರು, ಆದರೆ ಅಳಿಯ. “ಯಾರ ತಪ್ಪೂ ಅಲ್ಲ ಮಾವನೋರೆ. ಎಣ್ಣೆ ಗುಣ,” ಎಂದುಬಿಟ್ಟರು.

“ಅದೇ ಮತ್ತೆ,” ಎಂದ ಅಪ್ಪನಿಗೆ ಉಸಿರು ಬಂತು. “ಎಣ್ಣೆ ಗುಣ. ಗೊತ್ತಿಲ್ದೆ ಆದದ್ದಕ್ಕೆ ಯಾರೇನು ಮಾಡಾಕೆ ಆಗ್ತದೆ? ಇದನ್ನ ಊರಾಗೆಲ್ಲ ಹೇಳ್ಕಂಡು ತಿರುಗಾದು ಬ್ಯಾಡ. ಹಳೇದು.” ಆಮೇಲೆ ತಂಗಿಯ ಕಡೆ ನೋಡದೆ, ಅವ್ವನಿಗೆ, “ನಾಳೆಯಿಂದ ಅವಳೇ ಒಲೆ ಹಚ್ಲಿ ಬಿಡು,” ಎಂದ.

ಅತ್ತೆ ಖಾಲಿ ಕೊಡವನ್ನು ಬೋರಲು ಹಾಕಿದಳು. “ನನ್ನ ಪಾಲಿಗೆ ಕೈಗುಣ, ನಿನ್ನ ಪಾಲಿಗೆ ಎಣ್ಣೆ ಗುಣ. ಆಗ್ಲಣ್ಣ. ನಾ ಇಲ್ಲ ಅಂದಾಗ ಕೇಳ್ಲಿಲ್ಲ, ಬಟ್ಟೆ ಚಿಂದಿ ಹೇಳಿದ್ರೆ ಕೇಳಿದ್ಯಲ್ಲ.”

ಮಾರನೆಯ ಬೆಳಗ್ಗೆ ಒಲೆ ಹಚ್ಚಿದ್ದು ಅವ್ವನೇ. ಅತ್ತೆ ರೊಟ್ಟಿ ಬಡಿದು ಬಡಿದು ಅವಳತ್ತ ಸರಿಸುತ್ತಿದ್ದಳು, ಎಂದಿನಂತೆ. ನಾನು ಕೈ ಹಿಡಿದು ಒಲೆಯ ಮುಂದಕ್ಕೆ ಕರೆದೆ. “ಅಭ್ಯಾಸ ತಪ್ಪಿ ಹೋಗೇತೆ ತಾಯಿ,” ಎಂದಳು. ಸಾಯುವ ತನಕ ಹಚ್ಚಲಿಲ್ಲ.

ಅಪ್ಪನ ಮಾತನ್ನು ಯಾರೂ ಮೀರಲಿಲ್ಲ, ಹಾಗಾಗಿ ಊರಿಗೆ ಗೊತ್ತಾಗಲಿಲ್ಲ. ಇವತ್ತಿಗೂ ನಮ್ಮೂರಿನಲ್ಲಿ ಹೆಣ್ಣುಮಕ್ಕಳು ಕೆಂಡ ಹೊತ್ತು ಹೊರಟರೆ ಹಿರಿಯರು ಅತ್ತೆಯ ಹೆಸರೆತ್ತಿ ಎಚ್ಚರಿಸುತ್ತಾರೆ. ಎಣ್ಣೆ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ತುರುಕುತ್ತಾರೆ.